ಮಧ್ಯಯುಗದ ವಿಶ್ವವಿದ್ಯಾನಿಲಯಗಳೂ ವಿದ್ಯಾರ್ಥಿಗಳ ಮನೆಬಾಡಿಗೆಯೂ

ವಿಶ್ವವಿದ್ಯಾನಿಲಯವೆಂದೊಡನೆ ವಿಶಾಲವಾದ ಆವರಣವೂ ಭವ್ಯವಾದ ಕಟ್ಟಡಗಳೂ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದರೆ 12, 13ನೆಯ ಶತಮಾನಗಳಲ್ಲಿ ಬೊಲೋನ್ಯ, ಪ್ಯಾರಿಸ್, ಆಕ್ಸ್‌ಫರ್ಡ್ ನಗರಗಳಲ್ಲಿ ತಲೆಯೆತ್ತಿದ ವಿದ್ಯಾಪೀಠಗಳಿಗೆ ಮೊದಮೊದಲು ಸ್ವಂತ ಕಟ್ಟಡಗಳೇ ಇರಲಿಲ್ಲವೆನ್ನಬಹುದು. ಪಾಠ ನಡೆಯುತ್ತಿದ್ದುದು ಬಾಡಿಗೆಯ ಕೊಠಡಿಗಳಲ್ಲಿ. ವಿದ್ಯಾರ್ಥಿಗಳು ತಂಗುತ್ತಿದ್ದುದು ಪಟ್ಟಣಿಗರ ಮನೆಗಳಲ್ಲಿ. ಆದುದರಿಂದ ಮನೆಬಾಡಿಗೆಯ ಪ್ರಶ್ನೆಯು ಆ ಸಂಸ್ಥೆಗಳ ಹಕ್ಕುಬಾಧ್ಯತೆಗಳ ಚರಿತ್ರೆಯಲ್ಲಿ ಮೊದಲಿನಿಂದಲೂ ಹೆಣೆದುಕೊಂಡು ಬಂದಿದೆ.

ಬಾಡಿಗೆ ಏರುವುದಕ್ಕೆ ಮನೆಯೊಡೆಯನ ದುರಾಸೆಯೊಂದೇ ಕಾರಣವಾಗಿರಲಿಲ್ಲ. ಹೊಸದಾಗಿ ಬಂದ ಸಿರಿವಂತ ವಿದ್ಯಾರ್ಥಿಯು ಹೆಚ್ಚಿನ ಹಣ ಕೊಡುವೆನೆಂದರೆ, ಮೊದಲೇ ಇದ್ದವನು ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಬೊಲೋನ್ಯದಲ್ಲಿ ಈ ಪಿಡುಗು ಎಷ್ಟು ಬೆಳೆದಿತ್ತೆಂದರೆ, ಒಬ್ಬನು ವಾಸಿಸುತ್ತಿರುವ ಮನೆಗೆ ಮತ್ತೊಬ್ಬ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಹೆಚ್ಚು ಬಾಡಿಗೆಯನ್ನು ಮುಂದೊಡ್ಡಬಾರದೆಂಬ ನಿಷೇಧಕ್ಕೆ 1189ರಲ್ಲಿ ಮೂರನೆಯ ಕ್ಲೆಮೆಂಟ್ ಪೋಪನು ಒಪ್ಪಿಗೆಯ ಮುದ್ರೆಯೊತ್ತಬೇಕಾಯಿತು. ಇಲ್ಲಿ ನಿಯಮವು ಕಟ್ಟಿಹಾಕಿದುದು ಬಾಡಿಗೆದಾರನನ್ನೇ ಎಂಬುದು ಗಮನಾರ್ಹ.

ಆಕ್ಸ್‌ಫರ್ಡಿನ ಪ್ರಸಂಗವು ಇನ್ನೂ ಸ್ವಾರಸ್ಯಕರವಾದುದು. 1209ರಲ್ಲಿ ಅಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು. ಆರೋಪಕ್ಕೆ ಗುರಿಯಾದವನು ತಪ್ಪಿಸಿಕೊಂಡನಾಗಿ, ಅವನೊಡನೆ ಮನೆ ಹಿಡಿದಿದ್ದ ವಿದ್ಯಾರ್ಥಿಗಳನ್ನೇ ಹಿಡಿದು ಗಲ್ಲಿಗೇರಿಸಲಾಯಿತು. ಒಂದೇ ಸೂರಿನ ಕೆಳಗೆ ಬಾಡಿಗೆಗಿದ್ದುದು ಅವರ ಪ್ರಾಣಕ್ಕೇ ಎರವಾಯಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಊರು ಬಿಟ್ಟು ಚದುರಿದರು. ಕೆಲವರು ಕೇಂಬ್ರಿಜ್ಜಿಗೆ ಹೋಗಿ ನೆಲಸಿದರು. ಮನೆಗಳು ಬರಿದಾದುವು, ವ್ಯಾಪಾರ ಕುಗ್ಗಿತು. ಕಡೆಗೆ 1214ರಲ್ಲಿ ಪೋಪನ ಪ್ರತಿನಿಧಿ ನಿಕೊಲಾಸನು ವಿಧಿಸಿದ ಕಟ್ಟಳೆಗಳಿಗೆ ಪಟ್ಟಣಿಗರು ತಲೆಬಾಗಬೇಕಾಯಿತು. ಹಿಂದೆ ಬಾಡಿಗೆ ಗೊತ್ತುಪಡಿಸಿದ್ದ ಮನೆಗಳನ್ನು ಹತ್ತು ವರ್ಷಗಳ ಕಾಲ ಅರ್ಧ ಬಾಡಿಗೆಗೇ ಕೊಡತಕ್ಕದ್ದು. ಆಮೇಲಿನ ಹತ್ತು ವರ್ಷ ಹಳೆಯ ಬಾಡಿಗೆಯನ್ನು ಮೀರತಕ್ಕದ್ದಲ್ಲ. ಹೊಸ ಮನೆಗಳ ಬಾಡಿಗೆಯನ್ನು ನಾಲ್ವರು ಅಧ್ಯಾಪಕರೂ ನಾಲ್ವರು ಪಟ್ಟಣಿಗರೂ ಕೂಡಿ ನಿರ್ಣಯಿಸತಕ್ಕದ್ದು. ಇಷ್ಟೇ ಅಲ್ಲದೆ ಬಡ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೆ 52 ಷಿಲಿಂಗ್ ಕೊಡುವುದು, ಸಂತ ನಿಕೊಲಾಸನ ಹಬ್ಬದ ದಿನ ನೂರು ಮಂದಿಗೆ ಊಟ ಹಾಕುವುದು ಸಹ ಅವರ ಹೊಣೆಯಾಯಿತು.

ಪ್ಯಾರಿಸಿನಲ್ಲಿಯೂ ಇದೇ ಜಾಡು. 1229ರ ಗಲಭೆಯ ತರುವಾಯ ಪಾಠಗಳು ನಿಂತು ವಿದ್ವಾಂಸರು ಚದುರಿಹೋದರು. 1231ರಲ್ಲಿ ಒಂಬತ್ತನೆಯ ಗ್ರೆಗರಿ ಪೋಪನು ಬಾಡಿಗೆ ನಿರ್ಣಯದ ಅಧಿಕಾರವನ್ನು ವಿಶ್ವವಿದ್ಯಾನಿಲಯಕ್ಕೆ ಸ್ಥಿರಪಡಿಸಿದುದಲ್ಲದೆ, ಆ ಅಧಿಕಾರ ಕೈತಪ್ಪಿದರೆ ಪಾಠಗಳನ್ನು ನಿಲ್ಲಿಸಬಹುದೆಂದೂ ಅನುಮತಿಯಿತ್ತನು. ಅದೇ ವರ್ಷ ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿಯು ಕೇಂಬ್ರಿಜ್ಜಿನಲ್ಲಿ ಇಬ್ಬರು ಅಧ್ಯಾಪಕರೂ ಇಬ್ಬರು ಪಟ್ಟಣಿಗರೂ ಸೇರಿ ಬಾಡಿಗೆ ಕಟ್ಟಬೇಕೆಂದು ಆಜ್ಞಾಪಿಸಿದನು. ಇಟಲಿಯ ವೆರ್ಚೆಲ್ಲಿ ನಗರವಂತೂ 1228ರಲ್ಲಿ ಪಾದುವದ ವಿದ್ಯಾರ್ಥಿಗಳನ್ನು ತನ್ನೆಡೆಗೆ ಸೆಳೆಯಲು, ಮಿತವಾದ ಬಾಡಿಗೆಗೆ 500 ಮನೆಗಳನ್ನು ಒದಗಿಸುವೆನೆಂದು ಕರಾರು ಬರೆದುಕೊಟ್ಟಿತು!

ಮನೆಯೊಡೆಯರ ಪಕ್ಷವನ್ನೂ ಕೇಳುವುದು ನ್ಯಾಯ. ವಿದ್ಯಾರ್ಥಿಗಳು ಚರ್ಚಿನ ವರ್ಗಕ್ಕೆ ಸೇರಿದವರೆಂದು ಎಣಿಸಲ್ಪಡುತ್ತಿದ್ದುದರಿಂದ, ಬಾಡಿಗೆ ಕೊಡದವನನ್ನು ಊರಿನ ನ್ಯಾಯಸ್ಥಾನಕ್ಕೆ ಎಳೆಯುವುದು ಸುಲಭವಾಗಿರಲಿಲ್ಲ. ಆದಕಾರಣ ಮನೆ ಹಿಡಿಯುವವನು ಜಾಮೀನುದಾರರನ್ನಾಗಲಿ ಅಡವಿನ ವಸ್ತುವನ್ನಾಗಲಿ ಮೊದಲೇ ಒಪ್ಪಿಸುವ ಪದ್ಧತಿ ಬೆಳೆಯಿತು. ಇಂದು ನಮ್ಮ ವಿದ್ಯಾರ್ಥಿಗಳು ಕೊಠಡಿ ಹಿಡಿಯುವಾಗ ತೆರುವ ಮುಂಗಡಕ್ಕೆ ಇದು ದೂರದ ನಂಟನಲ್ಲ. ಆದರೆ ಕೇಂಬ್ರಿಜ್ಜಿನಲ್ಲಿ ಮನೆಯೊಡೆಯನು ಅದನ್ನು ಸ್ವೀಕರಿಸದಿದ್ದರೆ ವಿಶ್ವವಿದ್ಯಾನಿಲಯದ ಚಾನ್ಸೆಲರನ ಮುಂದೆ ಒಪ್ಪಿಸಬಹುದಾಗಿತ್ತು. ಅಂಥ ಆಸರೆ ನಮ್ಮವರಿಗಿಲ್ಲ.

ಈ ಎಲ್ಲ ವ್ಯವಸ್ಥೆಯ ಹಿಂದಿದ್ದ ಬಲವು ಒಂದೇ: ಊರು ಬಿಟ್ಟು ಹೋಗುವ ಬಲ. ಕಟ್ಟಡವಿಲ್ಲದ ಸಂಸ್ಥೆಗೆ ಪುಸ್ತಕಗಳನ್ನು ಹೊತ್ತು ನಡೆಯುವುದು ಕಷ್ಟವಾಗಿರಲಿಲ್ಲ. 1257ರಲ್ಲಿ ಪ್ಯಾರಿಸಿನ ಸೋರ್ಬಾನ್, 1264ರಲ್ಲಿ ಮರ್ಟನ್ ಮೊದಲಾದ ಕಾಲೇಜುಗಳು ದತ್ತಿಗಳಿಂದ ಸ್ಥಾಪಿತವಾಗಿ ಸ್ವಂತ ನೆಲ, ಸ್ವಂತ ಮನೆ ಪಡೆದ ಮೇಲೆ ವಿಶ್ವವಿದ್ಯಾನಿಲಯಗಳು ಒಂದೆಡೆ ಬೇರೂರಿದುವು. ಚದುರುವೆವೆಂಬ ಬೆದರಿಕೆಯ ಮೊನೆ ಕ್ರಮೇಣ ಮೊಂಡಾಯಿತು. ಕಾಲೇಜುಗಳು ಮೊದಲು ಆಶ್ರಯವಿತ್ತುದು ಕೆಲವರಿಗೆ ಮಾತ್ರ. ಆಕ್ಸ್‌ಫರ್ಡಿನ ಉಳಿದ ವಿದ್ಯಾರ್ಥಿಗಳಲ್ಲಿ ಅನೇಕರು, ಒಬ್ಬ ಮುಖ್ಯಸ್ಥನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ‘ಹಾಲ್’ ಎಂಬ ವಸತಿಮನೆಗಳಲ್ಲಿಯೇ ಬಹುಕಾಲ ಬಾಳಿದರು. ಅವುಗಳಲ್ಲಿ ಕೊನೆಯವರೆಗೂ ಉಳಿದುಬಂದ ಸಂತ ಎಡ್ಮಂಡ್ ಹಾಲ್, ಹೆಸರನ್ನು ಬದಲಿಸದೆಯೇ 1957ರಲ್ಲಿ ಕಾಲೇಜಾಯಿತು.