ಇನ್ನೊಮ್ಮೆ ಕಟ್ಟಿದರೆ ಏನು ಬಿಡುತ್ತೀರಿ?

ಬೆಂಗಳೂರು ದಕ್ಷಿಣದ ಮನೆಗಳಿಂದ ಹಳ್ಳಿಯಲ್ಲಿ ಮನೆ ಕಟ್ಟುವವರಿಗೆ ಒಂದಿಷ್ಟು ಪಾಠ

ಅಡಿಕೆಗೋ ಕಾಳುಮೆಣಸಿಗೋ ನಾಲ್ಕು ಕಾಸು ಬಂದ ವರ್ಷ ನಮ್ಮ ಊರುಗಳಲ್ಲಿ ಮೊದಲು ಏಳುವುದು ಹೊಸ ಮನೆ. ತಪ್ಪೇನಲ್ಲ. ಸೋರುವ ಮಾಡಿನ ಕೆಳಗೆ ಮೂರು ತಲೆಮಾರು ಕಳೆದವರಿಗೆ ಒಂದು ಗಟ್ಟಿ ಮನೆ ಬೇಕೇ ಬೇಕು. ಆದರೆ ನಕ್ಷೆ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಬೆಂಗಳೂರಿನಿಂದ. ಮಗನೋ ಅಳಿಯನೋ ಅಲ್ಲಿರುತ್ತಾನೆ. ಗೃಹಪ್ರವೇಶಕ್ಕೆ ಹೋದಾಗ ಕಂಡದ್ದು ಕಣ್ಣಿಗೆ ಕಟ್ಟಿರುತ್ತದೆ. ಒತ್ತೊತ್ತಾಗಿ ಕುಳಿತ 30-40 ಸೈಟಿಗೆಂದು ಹುಟ್ಟಿದ ಮನೆ ಎರಡೆಕರೆ ತೋಟದ ನಡುವೆ ಎದ್ದು ನಿಲ್ಲುತ್ತದೆ. ಹತ್ತಾರು ವರ್ಷದ ಬೆಳೆಯ ಉಳಿತಾಯ ಅದರಲ್ಲಿ ಕರಗುತ್ತದೆ. ಸಾಲದಲ್ಲೊಂದು ಪಾಲು ಬಾತ್‌ರೂಮಿನ ಟೈಲ್ಸಿಗೇ ಹೋಗಿರುತ್ತದೆ!

ಹೊಸ ಮನೆ ನೋಡಿ ನಕಲು ಮಾಡುವ ಬದಲು ಹತ್ತು ವರ್ಷ ಬಾಳಿದ ಮನೆ ನೋಡುವುದು ಲೇಸಲ್ಲವೇ? ಜೆ.ಪಿ. ನಗರದಲ್ಲಿ ನನ್ನ ಭಾವನ ಮನೆಯಿದೆ. ಬನಶಂಕರಿ, ಜಯನಗರ, ಬಿಟಿಎಂ ಲೇಔಟಿನಲ್ಲೂ ನೆಂಟರಿದ್ದಾರೆ. ಕೆಲವು ವರ್ಷಗಳಿಂದ ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ಇದೇ ಮನೆಯನ್ನು ಇನ್ನೊಮ್ಮೆ ಕಟ್ಟುವುದಾದರೆ ಯಾವುದನ್ನು ಬಿಡುತ್ತೀರಿ, ಯಾವುದನ್ನು ಉಳಿಸಿಕೊಳ್ಳುತ್ತೀರಿ? ಗಂಡಸರಿಂದ ಒಂದು ಉತ್ತರ, ಅಡುಗೆಮನೆಯಿಂದ ಇನ್ನೊಂದು. ಎರಡನೆಯದೇ ಹೆಚ್ಚು ಉಪಯೋಗದ್ದು.

ಈ ಬಡಾವಣೆಗಳನ್ನೇ ಏಕೆ ನೋಡಬೇಕು? ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಂದಿನಿಂದ ಇಂದಿನವರೆಗಿನ ಎಲ್ಲ ಬಗೆಯ ಮನೆಗಳೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಮುಂದೆ ಕೈತೋಟ, ಕೆಂಪು ಗಾರೆ ನೆಲವಿರುವ ಹಳೆಯ ಮನೆ. ಪಕ್ಕದಲ್ಲೇ ಗೋಡೆಗೆ ಗೋಡೆ ತಾಗಿದ ನಾಲ್ಕು ಮಾಳಿಗೆಯ ಗಾಜಿನ ಮನೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಡ.

ನೆಂಟರು ಮೆಚ್ಚಿದ್ದು, ಮನೆಯವರು ಬೈದದ್ದು

ಬೈಗುಳದಲ್ಲಿ ಮೊದಲ ಸ್ಥಾನ ಎರಡು ಮಾಳಿಗೆ ಎತ್ತರದ ಹಾಲ್‌ಗೆ. ಬಾಗಿಲು ತೆರೆದ ಕೂಡಲೇ ತಲೆಯೆತ್ತಿ ನೋಡುವಂತಿರುತ್ತದೆ, ನಿಜ. ಆದರೆ ಇಪ್ಪತ್ತಡಿ ಮೇಲಿನ ಜೇಡರ ಬಲೆ ತೆಗೆಯುವವರು ಯಾರು? ಬಲ್ಬು ಹೋದರೆ ಏಣಿ ಹುಡುಕಬೇಕು. ಕೆಳಗೆ ಟಿವಿ ಹಾಕಿದರೆ ಮೇಲೆ ಓದುವ ಮಕ್ಕಳಿಗೆ ತಲೆಬಿಸಿ. ಹೊಗಳುವವರು ನೆಂಟರು, ಗುಡಿಸುವವರು ಮನೆಯವರು.

ಎರಡನೆಯದು ಹಾಲ್‌ಗೆ ತೆರೆದುಕೊಂಡ ಅಡುಗೆಮನೆ. ಒಗ್ಗರಣೆ ಹಾಕಿದರೆ ಸೋಫಾದಲ್ಲಿ ಕೂತವರೆಲ್ಲ ಕೆಮ್ಮಬೇಕು. ಅದಕ್ಕೆಂದು ಚಿಮಣಿ ಹಾಕಿಸುತ್ತಾರೆ. ಅದರ ಜಾಳಿಗೆಗೆ ಎಣ್ಣೆಜಿಡ್ಡು ಮೆತ್ತಿಕೊಳ್ಳುತ್ತದೆ. ತಿಂಗಳಿಗೊಮ್ಮೆಯಾದರೂ ಬಿಸಿನೀರಿನಲ್ಲಿ ತೊಳೆಯದಿದ್ದರೆ ಬರೀ ಸದ್ದು, ಹೊಗೆ ಇದ್ದಲ್ಲೇ. ಒಂದು ಗೋಡೆ, ಒಂದು ಒಳ್ಳೆ ಕಿಟಕಿ, ಒಂದು ಎಕ್ಸಾಸ್ಟ್ ಫ್ಯಾನ್ ಇದ್ದಿದ್ದರೆ ಸಾಕಿತ್ತು ಎಂಬ ಮಾತು ಮನೆಮನೆಯಲ್ಲೂ ಕೇಳಿದೆ.

ಮೂರನೆಯದು ಕನ್ನಡಿಯಂತೆ ಹೊಳೆಯುವ ನೆಲ. ಒಂದು ಹನಿ ನೀರು ಬಿದ್ದರೆ ಅಜ್ಜಿಯರಿಗೆ ಜೀವಭಯ. ಬಚ್ಚಲಿನಲ್ಲಂತೂ ತರಿತರಿ ಇರುವ ಟೈಲ್ಸ್ ಅಥವಾ ಕಲ್ಲೇ ಬೇಕು. ಇದಕ್ಕೇ ಸೇರಿದ್ದು ಮಲಗುವ ಕೋಣೆಗಳೆಲ್ಲ ಮಾಳಿಗೆಯಲ್ಲಿರುವ ಮನೆ. ಕಟ್ಟುವಾಗ ನಲ್ವತ್ತು ವರ್ಷದವರು ಅರವತ್ತಾಗುವಾಗ ಮೆಟ್ಟಿಲು ಎಣಿಸತೊಡಗುತ್ತಾರೆ. ಕೆಳಗೇ ಒಂದು ಕೋಣೆ, ಅದಕ್ಕೆ ತಾಗಿ ಕೂರುವ ಕಮೋಡಿನ ಶೌಚಾಲಯ ಇದ್ದವರು ನೆಮ್ಮದಿಯಾಗಿದ್ದಾರೆ.

ಸ್ನಾನದ ಟಬ್ಬಿನ ಕತೆ ಕೇಳಿ. ಬಕೆಟ್ ಸ್ನಾನಕ್ಕೆ ಇಪ್ಪತ್ತು ಲೀಟರ್ ಸಾಕು. ಟಬ್ಬು ತುಂಬಲು ನೂರೈವತ್ತು, ಇನ್ನೂರು ಲೀಟರ್ ಬೇಕು. ಟ್ಯಾಂಕರಿಗೆ ದುಡ್ಡು ಕೊಡುವ ಊರಿನಲ್ಲಿ ಅದನ್ನು ಯಾರು ತುಂಬುತ್ತಾರೆ? ನಾನು ಕಂಡ ಎರಡು ಟಬ್ಬುಗಳಲ್ಲಿ ಒಂದರಲ್ಲಿ ಒಗೆಯುವ ಬಟ್ಟೆ, ಇನ್ನೊಂದರಲ್ಲಿ ಹಳೆ ಪುಸ್ತಕ!

ಗಾಜಿನ ಸೂರಿನದೂ ಇದೇ ಕತೆ. ನಮ್ಮ ತೊಟ್ಟಿಮನೆಯ ಒಳಂಗಳ ತೆರೆದೇ ಇರುತ್ತಿತ್ತು. ಬಿಸಿಗಾಳಿ ಮೇಲೆ ಹೋಗುತ್ತಿತ್ತು, ಕೆಳಗೆ ತಂಪು. ಅದೇ ಜಾಗಕ್ಕೆ ಗಾಜು ಮುಚ್ಚಿದರೆ ಬೆಳಕಿನ ಜತೆ ಬಿಸಿಲಿನ ಶಾಖವೂ ಒಳಗೇ ಸಿಕ್ಕಿಬೀಳುತ್ತದೆ. ಗಾಜು ಹಾಕಿದವರು ಅದರ ಕೆಳಗೆ ಸುತ್ತಲೂ ಗಾಳಿಕಿಂಡಿ ಬಿಟ್ಟಿದ್ದರೆ ಪರವಾಗಿಲ್ಲ. ಬಿಡದವರು ಮಾರ್ಚ್ ತಿಂಗಳಲ್ಲಿ ಪರದೆ ಎಳೆದು ಕೂರುತ್ತಾರೆ.

ನೆಲದಡಿಯ ಮಾಳಿಗೆ: ಇಲ್ಲಿ ತಮಾಷೆಯಿಲ್ಲ

ಇದುವರೆಗಿನದು ಬರೀ ಕಿರಿಕಿರಿ. ಮುಂದಿನದು ಹಾಗಲ್ಲ. ಜಾಗದ ಬೆಲೆ ಏರಿದಂತೆ ಬೆಂಗಳೂರಿನವರು ಕಾರು ನಿಲ್ಲಿಸಲು ನೆಲದಡಿ ಅಗೆದರು. ಬಿಟಿಎಂ ಎಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು. ತಾವರೆಕೆರೆ ಎಂಬ ಹೆಸರಲ್ಲೇ ಕೆರೆಯಿದೆ. ಕೆರೆ, ಗದ್ದೆ, ಕಾಲುವೆಗಳಿದ್ದ ತಗ್ಗು ಅದು. ನೀರಿಗೆ ತನ್ನ ದಾರಿ ಮರೆಯುವುದಿಲ್ಲವೆಂದು ಕೃಷಿಕರಿಗೆ ಹೇಳಿಕೊಡಬೇಕೇ?

2025ರ ಮೇ ತಿಂಗಳ ಮಳೆಗೆ ಬಿಟಿಎಂ ಲೇಔಟಿನ ಎನ್.ಎಸ್. ಪಾಳ್ಯದ ಒಂದು ಅಪಾರ್ಟ್‌ಮೆಂಟಿನ ನೆಲದಡಿಗೆ ನೀರು ನುಗ್ಗಿತು. ಪಂಪಿಟ್ಟು ಅದನ್ನು ಹೊರಹಾಕುವಾಗ ಕರೆಂಟು ತಗಲಿ ಇಬ್ಬರು ತೀರಿಕೊಂಡರು. ಒಬ್ಬರು ಅರವತ್ತು ದಾಟಿದವರು, ಇನ್ನೊಬ್ಬ ಚಿಕ್ಕ ಹುಡುಗ.

ನಮ್ಮಲ್ಲಿ ಜಾಗಕ್ಕೆ ಬರವಿಲ್ಲ. ಆದರೂ ಗುಡ್ಡ ಕಡಿದು ಗೋಡೌನೆಂದು ನೆಲದಡಿ ಕೋಣೆ ಮಾಡುವವರು ಈಗ ಇದ್ದಾರೆ. ಮಾಡಲೇಬೇಕಾದರೆ ನೀರು ತಾನಾಗಿ ಇಳಿದು ಹೋಗುವ ಒಂದು ಬದಿ ತೆರೆದಿರಲಿ. ಸ್ವಿಚ್ಚು, ಮೀಟರು ಎದೆಯೆತ್ತರಕ್ಕಿಂತ ಮೇಲಿರಲಿ. ಕರೆಂಟು ಸೋರಿದ ಕೂಡಲೇ ಕಡಿದುಹಾಕುವ ಇಎಲ್‌ಸಿಬಿ ಮನೆಗೂ ಪಂಪಿಗೂ ಇರಲೇಬೇಕು. ನೀರು ನಿಂತ ಕೋಣೆಗೆ ಇಳಿಯುವ ಮೊದಲು ಮೈನ್ ತೆಗೆಯಬೇಕು. ಟಬ್ಬಿಗೆ ಹಾಕುವ ಹಣದ ಸಣ್ಣ ಪಾಲಿನಲ್ಲಿ ಇದೆಲ್ಲ ಆಗುತ್ತದೆ.

ಎಲ್ಲರೂ ಉಳಿಸಿಕೊಳ್ಳುತ್ತೇವೆಂದದ್ದು

ಈ ಪಟ್ಟಿ ಚಿಕ್ಕದು, ಅಗ್ಗದ್ದೂ ಹೌದು. ಕಿಟಕಿಗೆ ಸೊಳ್ಳೆಜಾಳಿಗೆ. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ‘ಯುಟಿಲಿಟಿ’ ಎಂಬ ಜಾಗ. (ನಮ್ಮ ಹಿತ್ತಿಲ ಜಗಲಿಗೆ ಪೇಟೆಯವರಿಟ್ಟ ಹೆಸರಷ್ಟೇ. ನಾವೋ ಹೊಸ ಮನೆ ಕಟ್ಟುವಾಗ ಅದನ್ನೇ ಕೈಬಿಡುತ್ತಿದ್ದೇವೆ!) ಕಿಟಕಿಗಳ ಮೇಲೆ ಎರಡಡಿ ಮುಂದೆ ಚಾಚಿದ ಸಜ್ಜೆ. ಟ್ಯಾಂಕು ತುಂಬಿದೊಡನೆ ಪಂಪು ನಿಲ್ಲಿಸುವ, ಸಂಪು ಖಾಲಿಯಾದರೂ ನಿಲ್ಲಿಸುವ ಚಿಕ್ಕ ಪೆಟ್ಟಿಗೆ. ಮನೆಯ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಒಬ್ಬರೂ ಬೈಯದ್ದು ಇದೊಂದೇ. ನೀರು, ಕರೆಂಟು, ಮೋಟಾರು ಮೂರೂ ಉಳಿಯುತ್ತದೆ.

ಸೋಲಾರ್ ವಾಟರ್ ಹೀಟರಿಗೂ ಒಳ್ಳೆಯ ಹೆಸರಿದೆ. 2,000 ವಾಟ್ ಗೀಸರು ಒಂದು ಗಂಟೆ ಓಡಿದರೆ ಎರಡು ಯುನಿಟ್. ಆ ಖರ್ಚು ಇಲ್ಲ. ಆದರೆ ಎರಡು ದೂರುಗಳಿವೆ. ಬೋರಿನ ಗಡಸು ನೀರು ಬಿಟ್ಟರೆ ಒಳಗಿನ ತಾಮ್ರದ ಕೊಳವೆಗೆ ಸುಣ್ಣದಂಥ ಹಕ್ಕಳೆ ಕಟ್ಟಿ ಕೆಲವೇ ವರ್ಷಕ್ಕೆ ನೀರು ಬಿಸಿಯಾಗುವುದು ನಿಲ್ಲುತ್ತದೆ. ಮಳೆನೀರು ಕೊಟ್ಟವರಿಗೆ ಈ ತೊಂದರೆಯಿಲ್ಲ. ಇನ್ನೊಂದು ಪೈಪಿನ ಉದ್ದ. ಮುಕ್ಕಾಲಿಂಚಿನ ಅರವತ್ತಡಿ ಪೈಪಿನಲ್ಲಿ ಸುಮಾರು ಐದು ಲೀಟರ್ ನೀರು ನಿಂತಿರುತ್ತದೆ. ಅಷ್ಟೂ ತಣ್ಣೀರು ಸುರಿದ ಮೇಲೆಯೇ ಬಿಸಿನೀರು. ಬಚ್ಚಲುಗಳೆಲ್ಲ ಒಂದೇ ಮಗ್ಗುಲಲ್ಲಿ, ಹೀಟರಿನ ನೇರ ಕೆಳಗಿದ್ದರೆ ಇದು ತಪ್ಪುತ್ತದೆ. ಮಲೆನಾಡು, ಕರಾವಳಿಯವರು ಇನ್ನೊಂದು ಲೆಕ್ಕ ಹಾಕಬೇಕು. ನಮಗೆ ನಾಲ್ಕು ತಿಂಗಳು ಸೂರ್ಯ ಕಾಣುವುದೇ ಕಡಿಮೆ. ಅಡಿಕೆ ಸಿಪ್ಪೆ, ತೆಂಗಿನ ಮಡಲು ಉರಿಯುವ ಬಚ್ಚಲೊಲೆ, ಹಂಡೆಯನ್ನು ಕಿತ್ತೆಸೆಯುವ ಅವಸರ ಬೇಡ.

ಮಳೆಕೊಯ್ಲು: ಒಂದೇ ವಸ್ತು, ಎರಡು ತೀರ್ಪು

ಹೆಚ್ಚು ಮೆಚ್ಚುಗೆ, ಹೆಚ್ಚು ಬೈಗುಳ ಎರಡೂ ಬಂದದ್ದು ಮಳೆಕೊಯ್ಲಿಗೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಯಿತು. 30-40 ಸೈಟಿನ ಹೊಸ ಮನೆಗಳಿಗೂ 40-60 ಸೈಟಿನ ಹಳೆ ಮನೆಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ಜನರಿಗೆ ತೋರಿಸಿಕೊಡಲೆಂದು 2011ರಲ್ಲಿ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೇಂದ್ರ ಶುರುವಾಯಿತು. ಇಪ್ಪತ್ತಕ್ಕೂ ಹೆಚ್ಚು ಮಾದರಿಗಳನ್ನು ಅಲ್ಲಿ ಜೋಡಿಸಿಟ್ಟರು.

ಕಾಯ್ದೆಗೆ ಹೆದರಿ ಮಾಡಿಸಿದವರು ಒಂದು ಡ್ರಮ್ಮಿಗೆ ಜಲ್ಲಿ ತುಂಬಿ, ಪೈಪು ಜೋಡಿಸಿ ಮರೆತರು. ಜಲ್ಲಿಯ ಮೇಲೆ ಎಲೆ ಕೊಳೆಯಿತು, ಸಂಪು ನಾರಿತು. ಅವರಿಗೆ ಮಳೆಕೊಯ್ಲು ಎಂದರೆ ಸರ್ಕಾರದ ಕಾಟ. ಮೊದಲ ಮಳೆ ಹೊರಬಿಟ್ಟು, ತಾರಸಿ ಗುಡಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಸೋಸುಕ ತೊಳೆಯುವವರಿಗೆ ಅದೇ ಆಪದ್ಬಾಂಧವ. 2024ರ ಬೇಸಿಗೆಯಲ್ಲಿ ನಗರದ 13,900ರಷ್ಟು ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ಮೊದಲನೆಯವರೂ ಆಗ ಡ್ರಮ್ಮಿನ ಮುಚ್ಚಳ ತೆರೆದು ನೋಡಿದರು.

ಲೆಕ್ಕ ನೋಡಿ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿ.ಮೀ.ನಷ್ಟು. 1,000 ಚದರಡಿ ತಾರಸಿಗೆ 90 ಸಾವಿರ ಲೀಟರ್ ಬೀಳುತ್ತದೆ. ಐದರಲ್ಲಿ ಒಂದು ಪಾಲು ಪೋಲಾದರೂ 72 ಸಾವಿರ ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಸಂಸಾರಕ್ಕೆ ನಾಲ್ಕು ತಿಂಗಳಿಗೂ ಮಿಕ್ಕಿ ಬಂತು. ಎ.ಆರ್. ಶಿವಕುಮಾರ್ ಅವರು ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಮಳೆಕೊಯ್ಲಿನ ಕೆಲಸ ಮಾಡಿದವರು. ವಿಜಯನಗರದಲ್ಲಿ 1995ರ ಹೊತ್ತಿಗೆ ಕಟ್ಟಿದ ತಮ್ಮ ಮನೆಗೆ ನಲ್ಲಿ ಸಂಪರ್ಕವನ್ನೇ ಪಡೆಯದೆ ಎರಡು ದಶಕಕ್ಕೂ ಹೆಚ್ಚು ಕಾಲ ಮಳೆನೀರಿನಲ್ಲೇ ನಡೆಸಿ ತೋರಿಸಿದರು.

3,500 ಮಿ.ಮೀ. ಮಳೆಯಿರುವ ನಮ್ಮ ಕಡೆ ಅಷ್ಟೇ ಮಾಡಿಗೆ ಮೂರು ಲಕ್ಷ ಲೀಟರಿಗೂ ಹೆಚ್ಚು ಬೀಳುತ್ತದೆ. ಆದರೆ ಪೇಟೆಯ ಮಾದರಿಯನ್ನು ಹಾಗೇ ಎತ್ತಿ ತರುವಂತಿಲ್ಲ. ಬೆಂಗಳೂರಿನ ಮಳೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬಿಟ್ಟುಬಿಟ್ಟು ಬರುತ್ತದೆ. ಸಂಪು ತುಂಬುತ್ತದೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಸಣ್ಣ ತೊಟ್ಟಿಯೂ ಹಲವು ಸಲ ದುಡಿಯುತ್ತದೆ. ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ತೊಟ್ಟಿ ತುಂಬುವುದು ಒಂದೇ ಸಲ. ಕುಡಿಯಲು, ಅಡುಗೆಗೆ ಬೇಕಾದಷ್ಟಕ್ಕೆ ತೊಟ್ಟಿಯಿರಲಿ. ಉಳಿದದ್ದನ್ನು ಸೋಸಿ ಬಾವಿಗೆ ಬಿಡಿ, ಇಲ್ಲವೇ ಬಾವಿಯ ಮೇಲ್ಬದಿಯಲ್ಲಿ ಇಂಗಿಸಿ.

ನಾವು ಬಿಟ್ಟದ್ದನ್ನು ಅವರು ಹುಡುಕುತ್ತಿದ್ದಾರೆ

ಬನಶಂಕರಿ, ಜೆ.ಪಿ. ನಗರದ ಒಳರಸ್ತೆಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಗಿಲಾಯಿಯಿಲ್ಲದ ಮಣ್ಣಿನ ಇಟ್ಟಿಗೆಯ ಮನೆ ಕಾಣುತ್ತದೆ. ಇದರ ಹಿಂದಿರುವುದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ಶುರುವಾದ ಕೇಂದ್ರ. ಸೈಟಿನ ಮಣ್ಣಿಗೆ ನೂರಕ್ಕೆ ಏಳರಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಇಟ್ಟಿಗೆ ತಯಾರು. ಸುಡುವ ಸೌದೆ ಬೇಡ. ಜೇಡಿ ಹೆಚ್ಚಿದ್ದರೆ ಮರಳು ಸೇರಿಸಬೇಕು. ಮಳೆ ಹೊಡೆಯುವ ಗೋಡೆಗೆ ಉದ್ದ ಮಾಡು ಬೇಕೇ ಬೇಕು. ಹಳ್ಳಿಗೆಂದು ಹುಟ್ಟಿದ್ದನ್ನು ಬೆಂಗಳೂರಿನವರು ಹೆಮ್ಮೆಯಿಂದ ಕಟ್ಟಿಸಿಕೊಂಡರೆ, ಹಳ್ಳಿಯವರು ಮುರಕಲ್ಲಿನ ಗೋಡೆಗೂ ಸಿಮೆಂಟು ಮೆತ್ತಿ ಟೈಲ್ಸ್ ಅಂಟಿಸುತ್ತಿದ್ದೇವೆ. ನಾವು ಮಾಡಿನಿಂದ ಇಳಿಸಿ ರಾಶಿ ಹಾಕಿದ ಮಂಗಳೂರು ಹಂಚನ್ನು ಅವರು ಆರ್‌ಸಿಸಿ ತಾರಸಿಯೊಳಗೆ ಹುದುಗಿಸಿ ಕಾಂಕ್ರೀಟು ಉಳಿಸುತ್ತಾರೆ!

ಇಷ್ಟೆಲ್ಲ ಕೇಳಿದ ಮೇಲೆ ತೋರಿದ್ದು ಇಷ್ಟು. ಜನ ಹತ್ತು ವರ್ಷ ಕಳೆದರೂ ಮೆಚ್ಚುವುದು ಮೂರು ಗುಣ ಇದ್ದುದನ್ನು. ದಿನವೂ ಬಳಕೆಗೆ ಬರಬೇಕು. ಮನೆಯವರ ಕೈಗೆ ಎಟುಕಿ ಶುಚಿ ಮಾಡುವಂತಿರಬೇಕು. ಕೆಟ್ಟರೆ ಹತ್ತಿರದ ಪೇಟೆಯವನೇ ರಿಪೇರಿ ಮಾಡಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಬೈಗುಳ ಗ್ಯಾರಂಟಿ. ಬೆಂಗಳೂರಿನಲ್ಲಾದರೆ ಫೋನ್ ಮಾಡಿದ ದಿನವೇ ಮೆಕ್ಯಾನಿಕ್ ಬರುತ್ತಾನೆ. ನಮ್ಮ ಮೂಲೆಗೆ ಯಾರು ಬರುತ್ತಾರೆ?

ಮನೆ ಕಟ್ಟುವ ಮುನ್ನ

* ನಕ್ಷೆಯನ್ನು ಇಂಜಿನಿಯರರಿಗಿಂತ ಮೊದಲು ಅಡುಗೆ ಮಾಡುವವರು, ಗುಡಿಸುವವರು ನೋಡಲಿ.

* ಐದು ವರ್ಷವಾದರೂ ಹಳತಾದ ಮೂರು ಮನೆ ನೋಡಿ. ‘ಇನ್ನೊಮ್ಮೆ ಕಟ್ಟಿದರೆ ಏನು ಬಿಡುತ್ತೀರಿ?’ ಎಂದು ಕೇಳಿ.

* ಅಡಿಕೆ ಒಣಗಿಸಲು, ಗೊನೆ ಇಡಲು, ಕೆಸರು ಕಾಲು ತೊಳೆಯಲು ನಕ್ಷೆಯಲ್ಲಿ ಜಾಗ ಇದೆಯೇ ನೋಡಿ. ಪೇಟೆಯ ನಕ್ಷೆಯಲ್ಲಿ ಇವು ಇರುವುದಿಲ್ಲ.

* ಮಾಡಿನ ನೀರು ಎಲ್ಲಿಗೆ ಹೋಗಬೇಕೆಂದು ಪಾಯ ತೆಗೆಯುವ ಮೊದಲೇ ತೀರ್ಮಾನಿಸಿ. ಆಮೇಲೆ ಪೈಪು ಹಾಕಲು ದುಪ್ಪಟ್ಟು ಖರ್ಚು.

* ಒಂದು ಬೆಳೆ ಕೈಕೊಟ್ಟರೂ ಕಂತು ಕಟ್ಟಲಾಗುವಷ್ಟೇ ಮನೆಗೆ ಸಾಲ ಮಾಡಿ. ಮನೆ ತೋಟವನ್ನು ಸಾಕುವುದಿಲ್ಲ. ತೋಟವೇ ಮನೆಯನ್ನು ಸಾಕಬೇಕು.