ಹಿಂಚಕ್ರದ ಬ್ರೇಕು ಡ್ರಮ್ಮನ್ನು ಕಳಚುವ ಬಗೆ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ಕಾರಿನ ಹಿಂಚಕ್ರದಿಂದ ಕರ್ಕಶವಾದ ಸದ್ದು ಕೇಳಿಬರತೊಡಗಿತು. ಬ್ರೇಕು ಷೂಗಳು ಸವೆದಿರಬೇಕೆಂದೆಣಿಸಿ ಚಕ್ರವನ್ನು ಕಳಚಿ ಡ್ರಮ್ಮನ್ನು ಎಳೆದೆನು, ಅದು ಕದಲಲಿಲ್ಲ. ಸುತ್ತಿಗೆಯಿಂದ ಅಂಚಿಗೆ ಬಲವಾದ ಪೆಟ್ಟೊಂದನ್ನು ಕೊಟ್ಟೆನು. ಅಂಚಿನ ಚೂರೊಂದು ಸಿಡಿದು ಬಿತ್ತು. ಡ್ರಮ್ಮು ಮಾತ್ರ ಇದ್ದಲ್ಲಿಯೇ ಇತ್ತು! ಎರಕದ ಕಬ್ಬಿಣವು ಒತ್ತಡವನ್ನು ತಾಳೀತು, ಪೆಟ್ಟನ್ನು ತಾಳದು ಎಂದು ತರಗತಿಯಲ್ಲಿ ಬೋಧಿಸುವವನೇ ಅಂಗಳದಲ್ಲಿ ಅದನ್ನು ಮರೆತಿದ್ದೆನು.

ಡ್ರಮ್ಮು ಚಕ್ರದೊಡನೆ ತಿರುಗುವ ಬೋಗುಣಿಯಂತಹ ವಸ್ತು. ಅದರೊಳಗೆ ಬಿಲ್ಲಿನಂತೆ ಬಾಗಿದ ಎರಡು ಷೂಗಳಿವೆ. ಪೆಡಲನ್ನು ತುಳಿದಾಗ ಇವು ಅಗಲಿ ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ಘರ್ಷಣೆಯಿಂದ ಚಲನಶಕ್ತಿಯು ಉಷ್ಣವಾಗುತ್ತದೆ. 800 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 1,11,000 ಜೌಲು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ 350 ಮಿಲಿಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಈ ಉಷ್ಣವನ್ನೆಲ್ಲ ನಾಲ್ಕು ಚಕ್ರಗಳ ಬ್ರೇಕುಗಳು ಕೆಲವೇ ಸೆಕೆಂಡುಗಳಲ್ಲಿ ನುಂಗಬೇಕು.

ಡ್ರಮ್ಮು ಬಿಗಿದುಕೊಳ್ಳಲು ಎರಡು ಮುಖ್ಯ ಕಾರಣಗಳುಂಟು. ಷೂ ಉಜ್ಜುವ ಭಾಗ ಸವೆದು ತಗ್ಗಾಗುತ್ತದೆ. ಉಜ್ಜದ ಅಂಚು ದಿಣ್ಣೆಯಾಗಿ ಉಳಿದು, ಎಳೆದಾಗ ಷೂಗಳಿಗೆ ಅಡ್ಡಬರುತ್ತದೆ. ಎರಡನೆಯದು ತುಕ್ಕು. ಕಬ್ಬಿಣಕ್ಕಿಂತ ಅದರ ತುಕ್ಕಿಗೆ ಹೆಚ್ಚು ಸ್ಥಳ ಬೇಕು. ಆದುದರಿಂದ ಡ್ರಮ್ಮಿಗೂ ನಡುವಿನ ಹಬ್ಬಿಗೂ ಇರುವ ಕಿರಿದಾದ ಸಂದಿನಲ್ಲಿ ಅದು ಬೆಣೆಯಂತೆ ಕೂರುತ್ತದೆ.

ಈಗ ಕ್ರಮವನ್ನು ನೋಡೋಣ. ಕಾರು ಗಟ್ಟಿಯಾದ ಸಮನೆಲದ ಮೇಲಿರಲಿ. ಮುಂಚಕ್ರಗಳ ಹಿಂದೆಯೂ ಮುಂದೆಯೂ ಮರದ ತುಂಡುಗಳನ್ನಿಡಿ. ಚಕ್ರದ ನಟ್ಟುಗಳನ್ನು ತುಸು ಸಡಿಲಿಸಿ, ಜಾಕಿನಿಂದ ಕಾರನ್ನೆತ್ತಿ, ಕೆಳಗೆ ಭದ್ರವಾದ ಸ್ಟ್ಯಾಂಡುಗಳನ್ನು ನಿಲ್ಲಿಸಿ. ಬರಿಯ ಜಾಕನ್ನು ನಂಬಿ ಕೆಲಸಕ್ಕಿಳಿದವರು ಪ್ರಾಣವನ್ನೇ ತೆತ್ತಿರುವುದುಂಟು. ಚಕ್ರವನ್ನು ತೆಗೆದ ಮೇಲೆ ಕೈಬ್ರೇಕನ್ನು ಬಿಡಬೇಕು. ಏಕೆಂದರೆ ಅದು ಈ ಷೂಗಳನ್ನೇ ಹಿಡಿದಿರುತ್ತದೆ. ಬಳಿಕ ಹೊಂದಾಣಿಕೆಯ ತಿರುಪನ್ನು ಸಡಿಲಿಸಿದರೆ ಷೂಗಳು ಒಳಸರಿದು ದಿಣ್ಣೆಯಿಂದ ಪಾರಾಗುತ್ತವೆ.

ಅನೇಕ ಡ್ರಮ್ಮುಗಳ ಮುಖದಲ್ಲಿ ಮರೆಯುಳ್ಳ ಎರಡು ರಂಧ್ರಗಳಿರುತ್ತವೆ. ಅವುಗಳಿಗೆ 8 ಮಿಲಿಮೀಟರಿನ ಬೋಲ್ಟು ಹೊಂದುವುದಾದರೆ, ಸಾಮಾನ್ಯವಾಗಿ ಅದು ಸುತ್ತಿಗೆ 1.25 ಮಿಲಿಮೀಟರು ಮುಂದೆ ಸರಿಯುತ್ತದೆ. 20 ಸೆಂಟಿಮೀಟರು ಉದ್ದದ ಸ್ಪ್ಯಾನರು ಹಿಡಿದ ಕೈ ಅಷ್ಟರಲ್ಲಿ ಸುಮಾರು 125 ಸೆಂಟಿಮೀಟರು ಚಲಿಸಿರುತ್ತದೆ. ಅನುಪಾತ ಸಾವಿರ! ಘರ್ಷಣೆ ಇದರ ಬಹುಭಾಗವನ್ನು ಕಬಳಿಸಿದರೂ ಕೈಯ ಬಲದ ನೂರರಷ್ಟಾದರೂ ಉಳಿಯುತ್ತದೆ. ಡ್ರಮ್ಮು ಓರೆಯಾಗದಂತೆ ಎರಡು ಬೋಲ್ಟುಗಳನ್ನೂ ಅರ್ಧರ್ಧ ಸುತ್ತಿನಂತೆ ಸರದಿಯಲ್ಲಿ ತಿರುಗಿಸಬೇಕು. ನನ್ನ ಪೆಟ್ಟಿಗೆ ಜಗ್ಗದ ಡ್ರಮ್ಮು ಐದೇ ನಿಮಿಷಗಳಲ್ಲಿ ಈ ಉಪಾಯಕ್ಕೆ ಮಣಿಯಿತು. (ಕೆಲವು ಕಾರುಗಳಲ್ಲಿ ಡ್ರಮ್ಮೂ ಹಬ್ಬೂ ಒಂದೇ ಎರಕ, ಅಲ್ಲಿ ಕ್ರಮ ಬೇರೆ.)

ಒಳಗಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಷೂಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆಬಟ್ಟೆಯಿಂದ ಒರೆಸಿ. ಡ್ರಮ್ಮಿಲ್ಲದಾಗ ಪೆಡಲನ್ನು ಯಾರೂ ತುಳಿಯಕೂಡದು. ತುಳಿದರೆ ಸಿಲಿಂಡರಿನ ಪಿಸ್ಟನ್ನುಗಳೇ ಹೊರಬಂದಾವು.

ಮರುಜೋಡಣೆಯನ್ನು ಬಲ್ಲವರಿಗೆ ತೋರಿಸಿಯೇ ರಸ್ತೆಗಿಳಿಯಿರಿ. ಒಡೆದ ಡ್ರಮ್ಮು ಈಗ ನನ್ನ ಪ್ರಯೋಗಶಾಲೆಯ ಮೇಜಿನ ಮೇಲಿದೆ. ಎರಕದ ಕಬ್ಬಿಣದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣ ಬೇರೆ ಬೇಕಿಲ್ಲ.