ಮಳೆಗಾಲದಲ್ಲಿ ಕಬ್ಬಿಣದ ಒಲೆ

ಅಡಿಕೆ ಬೇಯಿಸುವ ಕೆಲಸ ಮುಗಿದೊಡನೆ ತಾಮ್ರದ ಹಂಡೆಯನ್ನು ತೊಳೆದು ಒಳಗಿಡುವ ನಾವು, ಅದನ್ನು ಹೊತ್ತ ಕಬ್ಬಿಣದ ಒಲೆಯನ್ನು ಅಂಗಳದ ಮೂಲೆಗೆ ತಳ್ಳಿ ಮರೆತುಬಿಡುತ್ತೇವೆ. ಕಳೆದ ಕೊಯಿಲಿನಲ್ಲಿ ನಮ್ಮ ಮನೆಯಲ್ಲೇ ಒಲೆಯ ಕಾಲೊಂದು ಬುಡದಲ್ಲಿ ಕುಸಿದು, ಕುದಿಯುವ ಚೊಗರಿನ ಸಮೇತ ಹಂಡೆ ವಾಲಿತು. ಬೆಂಕಿ ನೋಡುತ್ತಿದ್ದವರು ಆಗಷ್ಟೇ ಸೌದೆ ತರಲು ಹೋಗಿದ್ದರು, ಇಲ್ಲವಾದರೆ ಏನಾಗುತ್ತಿತ್ತೋ. ತಪ್ಪು ನಮ್ಮದೇ.

ನೋಡಲು ಒಲೆ ಗಟ್ಟಿಯಾಗಿಯೇ ಇತ್ತು. ತಳ ಮಾತ್ರ ಹಪ್ಪಳದಂತಾಗಿತ್ತು. ಬೆಂಕಿಯ ಕಾವಿಗೆ ಬಣ್ಣ ಬೇಗನೆ ಸುಟ್ಟುಹೋಗುತ್ತದೆ. ಕೆಂಪಗೆ ಕಾದ ಕಬ್ಬಿಣದ ಮೇಲೆ ಏಳುವ ಕಪ್ಪು ಪೊರೆ, ತಣಿಯುವಾಗ ಬಿರಿದು ಚಕ್ಕೆಯಾಗಿ ಉದುರುತ್ತದೆ. ಆದರೂ ಬೆಂಕಿ ತಿನ್ನುವುದು ನಿಧಾನ. ಒಲೆಯನ್ನು ಹಾಳುಮಾಡುವುದು ಒಳಗೆ ಬಿಟ್ಟ ಬೂದಿ. ಅದು ಮಳೆನೀರನ್ನು ಹೀರಿ, ಒದ್ದೆ ಗೋಣಿಯಂತೆ ತಳಕ್ಕೆ ಅಂಟಿಕೊಂಡು ತಿಂಗಳುಗಟ್ಟಲೆ ಆರುವುದೇ ಇಲ್ಲ. ಬೂದಿಯಲ್ಲಿರುವ ಲವಣಗಳೂ ತುಕ್ಕಿಗೆ ಕುಮ್ಮಕ್ಕು ಕೊಡುತ್ತವೆ. 200 ಲೀಟರ್ ಡ್ರಮ್ಮು ಕತ್ತರಿಸಿ ಮಾಡಿದ ಒಲೆಯ ತಗಡು ಸುಮಾರು 1 ಮಿ.ಮೀ. ದಪ್ಪ. ಅದಕ್ಕೆಷ್ಟು ಆಯಸ್ಸು!

ತುಕ್ಕೇ ಕವಚವಾಗುವ ಉಕ್ಕೂ ಉಂಟೆಂದು ಕೆಲವು ಸದಸ್ಯರು ಕೇಳಿದ್ದಾರೆ. ಸುಳ್ಳಲ್ಲ. ತಾಮ್ರ, ಕ್ರೋಮಿಯಂ ಬೆರೆಸಿದ ಕಾರ್ಟೆನ್ ಉಕ್ಕು ಅಮೆರಿಕದಲ್ಲಿ 1930ರ ದಶಕದಿಂದಲೇ ಇದೆ. ಆದರೆ ಪದೇ ಪದೇ ನೆನೆದು ಒಣಗಿದಾಗ ಮಾತ್ರ ಅದರ ತುಕ್ಕು ಬಿಗಿಯಾಗಿ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಲು ಬಿಡುವೇ ಕೊಡದ ನಮ್ಮ ಮಲೆನಾಡಿನ ಮಳೆಯಲ್ಲಿ, ಒದ್ದೆ ಬೂದಿಯಡಿಯಲ್ಲಿ, ದುಬಾರಿ ಉಕ್ಕೂ ಸಾದಾ ಕಬ್ಬಿಣದ ದಾರಿಯನ್ನೇ ಹಿಡಿಯುತ್ತದೆ. ಜಿ.ಐ. ತಗಡಿನ ಒಲೆಯಂತೂ ಬೇಡವೇ ಬೇಡ. ಅದರ ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ; ಕಾವು ಇನ್ನೂ ಏರಿದರೆ ಏಳುವ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ.

ಆದ್ದರಿಂದ ಮೇ ತಿಂಗಳಲ್ಲೇ ಬೂದಿಯನ್ನು ಪೂರ್ತಿ ತೆಗೆದು ಗೊಬ್ಬರದ ಗುಂಡಿಗೆ ಹಾಕಿರಿ. ತಂತಿ ಬ್ರಷ್ಷಿನಿಂದ ತಳ, ಮೂಲೆ, ಬೆಸುಗೆಯ ಸಂದುಗಳನ್ನು ಉಜ್ಜಿ, ಬಿಸಿಲಿಗೆ ಕಾಯಿಸಿ, ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿರಿ. ಆಮೇಲೆ ಮಾಡಿನಡಿ, ಕಲ್ಲುಗಳ ಮೇಲೆ ಕವುಚಿ ಇಡಿರಿ. ಪ್ಲಾಸ್ಟಿಕ್ ಹೊದಿಸುವುದು ಬೇಡ. ನಾವೂ ಒಂದು ವರ್ಷ ಹಾಗೆ ಮಾಡಿ, ಒಳಗೆ ಬೆವರಿ ಇಮ್ಮಡಿ ತುಕ್ಕು ಹಿಡಿಸಿದ್ದೆವು.

ಕೊಯಿಲು ಶುರುವಾಗುವ ಮೊದಲು ತಳಕ್ಕೂ ಕಾಲುಗಳಿಗೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿರಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಬೊದ್ದು ಸದ್ದು ಬಂದರೆ ಆ ಒಲೆಯ ಮೇಲೆ ಹಂಡೆ ಏರಿಸಬೇಡಿರಿ. ನಮ್ಮ ಹೊಸ ಒಲೆಗೆ ಕಾಲನ್ನೇ ಇಡಿಸಿಲ್ಲ. ಹಂಡೆಯ ಭಾರವೆಲ್ಲ ಈಗ ಜಂಬಿಟ್ಟಿಗೆ ಕಟ್ಟೆಯ ಮೇಲೆ.